ಸೊಪ್ಪಮ್ಮನ ಕಣಿವೆಯ ಕೆಂಪು ಬಟ್ಟೆ

ಕಾಟಪ್ಪ: ಬಿಚ್ಚು ಅಂದ್ರೆ ಬಿಚ್ಚು, ಅಷ್ಟೆ.

ಗೌರಕ್ಕ: ಬಿಚ್ಚಾಕಿಲ್ಲ.

ಕಾಟಪ್ಪ: ಲೇ, ಅದು ದೇವ್ರ ಬಟ್ಟೆ ಅಲ್ಲ ಕಣೇ. ಸೈಕಲ್ನೋರ ಬಟ್ಟೆ.

ಗೌರಕ್ಕ: ಕಟ್ಟೋಗಂಟ ಸೈಕಲ್ನೋರ್ದು. ಸೊಪ್ಪಮ್ಮನ್ನ ನೆನೆಸ್ಕೊಂಡು ಕಟ್ಟಿದ್ ಮ್ಯಾಲೆ ಅಮ್ಮಂದು. ಹರಕೆ ತೀರೋಗಂಟ ಯಾರೂ ಬಿಚ್ಚಂಗಿಲ್ಲ.

ಕಾಟಪ್ಪ: ಏನ್ ಹರಕೆ ಹೊತ್ತಿದ್ದೀಯ ಅಂತನಾದ್ರೂ ಹೇಳು. ಇವತ್ತೇ ತೀರಿಸಿ ಬುಡ್ತೀನಿ.

ಗೌರಕ್ಕ: ಬಾಯಿ ಬುಟ್ಟು ಹೇಳಿದ್ರೆ ಫಲ ಇಲ್ಲ. ಅಷ್ಟೂ ಗೊತ್ತಿಲ್ವಾ ನಿಂಗೆ.

ಶನಿವಾರ ಎಳೆ ಬಿಸಿಲಿನಲ್ಲಿ ಹತ್ತಿಕೊಂಡ ಜಗಳ ಇದು. ತೋವಿನಕೆರೆಯಿಂದ ಬೆಟ್ಟದ ಕಡೆಗೆ ತಿರುಗಿದರೆ ಸಿಗುವ ಹಟ್ಟಿಯಲ್ಲಿ ಕಾಟಪ್ಪನದು ಕಡೆಯ ಮನೆ. ಮನೆಯ ಹಿಂದೆ ಕುರಿ ರೊಪ್ಪ, ರೊಪ್ಪದ ಹಿಂದೆ ಬೆಟ್ಟ. ಕಾಟಪ್ಪ ಆಗ ತಾನೇ ಬೆಟ್ಟದಿಂದ ಇಳಿದು ಬಂದು ಜಗಲಿಯ ಮೇಲೆ ಕುಕ್ಕರಿಸಿದ್ದ. ಗೌರಕ್ಕ ಮೊರದಲ್ಲಿ ಹುರುಳಿ ಕೇರುತ್ತ, ಅವನ ಒಂದೊಂದು ಮಾತನ್ನೂ ಹುರುಳಿಯ ಹೊಟ್ಟಿನ ಜೊತೆಗೇ ತೂರಿಬಿಡುತ್ತಿದ್ದಳು.

ಕಾಟಪ್ಪನ ಸಂಕಟ ಏನೆಂದರೆ, ಅವನು ಮಾತು ಕೊಟ್ಟುಬಿಟ್ಟಿದ್ದ. ಗುರುವಾರ ಮಧುಗಿರಿಯಿಂದ ಮುತ್ತುರಾಜ್ ಎಂಬುವನು ಬಂದಿದ್ದ. ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಬಂತೆಂದರೆ ಸೈಕಲ್ಲು. ಅವನ ಸೈಕಲ್ಲೋ, ಟೈರು ದಪ್ಪ, ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡದ್ದು. ಇಂಥವರದೇ ಒಂದು ಗುಂಪಿದೆಯಂತೆ. ಸಿರಾ ಕಡೆಯ ಕೆರೆ ಏರಿ, ಪಾವಗಡದ ನಿಡುಗಲ್ಲಿನ ಕೋಟೆ ತಪ್ಪಲು, ಎಲ್ಲೆಲ್ಲಿ ಮಣ್ಣುದಾರಿ ಜಲ್ಲಿದಾರಿ ಇದೆಯೋ ಅಲ್ಲೆಲ್ಲ ತುಳಿದು ಬಂದಿದ್ದಾರಂತೆ. ಟಾರು ಕಂಡರೆ ಆಗದು. ಈ ಭಾನುವಾರ ಮಧುಗಿರಿಯಿಂದ ಹೊರಟು, ಕಾಟಪ್ಪನ ಕುರಿ ಜಾಡು ಹಿಡಿದು ಕಣಿವೆ ದಾಟಿ, ಹಟ್ಟಿಗೆ ಇಳಿದು ಕೊರಟಗೆರೆಗೆ ಹೋಗುವುದೆಂದು ಗೊತ್ತು ಮಾಡಿಕೊಂಡಿದ್ದರು. ದಾರಿ ತಿಳಿಯಲೆಂದು ಮುತ್ತುರಾಜ್ ಜಾಡಿನುದ್ದಕ್ಕೂ ಮರಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತ ಹೋದ. ಕಾಟಪ್ಪ ಜೊತೆಯಲ್ಲಿದ್ದು ಬೆಟ್ಟವೆಲ್ಲ ತೋರಿಸಿದ. ಉಳಿದ ಬಟ್ಟೆಯ ಗಂಟನ್ನು ಮುತ್ತುರಾಜ್ ಅವನ ಕೈಗೇ ಕೊಟ್ಟು, ಗಾಳಿಗೆ ಬಿದ್ದುಹೋದರೆ ಬೇರೆ ಕಟ್ಟಿ, ಒಂದು ಹೆಚ್ಚುಕಮ್ಮಿಯಾದರೂ ನಮ್ಮವರು ದಾರಿ ತಪ್ಪುತ್ತಾರೆ ಎಂದು ಹೇಳಿದ.

ಕಾಟಪ್ಪ ಮೀಸೆ ಮುಟ್ಟಿದ. ತನ್ನ ಬೆಟ್ಟದಲ್ಲಿ ಇಂದಿನವರೆಗೆ ಒಂದು ಕುರಿ ತಪ್ಪಿಸಿಕೊಂಡಿಲ್ಲ, ನಿಮ್ಮವರಲ್ಲಿ ಒಬ್ಬರು ದಾರಿ ತಪ್ಪಿದರೆ ಈ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಇದುವರ್ಗೂ ಈ ಬೆಟ್ಟದಾಗೆ ದಾರಿ ತಪ್ಪಿರೋದು ಒಂದೇ ಪ್ರಾಣಿ ಸಾರ್, ಅಗೋ ಅಲ್ಲಿ ನೀರು ತತ್ತಾ ಅವ್ಳಲ್ಲ, ಅವ್ಳು" ಎಂದು ಹೆಂಡತಿಯ ಕಡೆ ಗದ್ದ ತೋರಿಸಿ, ಹಟ್ಟಿಯಲ್ಲಿ ಯಾರಿಗೂ ಹೊಸದಲ್ಲದ ಆ ಕತೆ ತೆಗೆದ.

ಕತೆ ಇಷ್ಟೇ. ಮದುವೆಯಾದ ಹೊಸತರಲ್ಲಿ ಗೌರಕ್ಕ ಗೌರಿಹಬ್ಬಕ್ಕೆಂದು ತೌರುಮನೆಗೆ ಹೊರಟಳು. ತೌರು ಬೆಟ್ಟದಾಚೆಯ ಕರೇಕಲ್ಲಹಳ್ಳಿ. ಕಣಿವೆಯ ಕವಲಿನಲ್ಲಿ ದಾರಿ ತಪ್ಪಿ, ಬೆಟ್ಟವನ್ನೇ ಒಂದು ಸುತ್ತು ಹಾಕಿ, ದೀಪ ಹಚ್ಚುವ ಹೊತ್ತಿಗೆ ಯಾವುದೋ ಹಿತ್ತಿಲಿಗೆ ಬಂದು, ಸಗಣಿ ತಟ್ಟುತ್ತಿದ್ದ ಮುದುಕಿಯನ್ನು "ಅವ್ವ, ಇದ್ಯಾವ ಊರು?" ಎಂದು ಕೇಳಿದಳು. ಮುದುಕಿ ತಿರುಗಿ ನೋಡಿದರೆ ಸ್ವಂತ ಅತ್ತೆ. ಕಾಟಪ್ಪ ಈ ಕತೆಯನ್ನು ಮದುವೆ ಚಪ್ಪರದಲ್ಲಿ ಹೇಳಿದ್ದ, ಉಣ್ಣೆ ಕತ್ತರಿಸುವ ಕಡೆ ಹೇಳಿದ್ದ, ಮಗಳು ಗಂಗಾಲಕ್ಷ್ಮಿಯನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಹೇಳಿದ್ದ. ಹೇಳುವಾಗ ಅತ್ತೆಯ ದನಿ ಬೇರೆ, ಗೌರಕ್ಕನ ದನಿ ಬೇರೆ. ಮುತ್ತುರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗೌರಕ್ಕ ನೀರಿನ ಚೊಂಬು ಜಗಲಿಯ ಮೇಲೆ ಕುಕ್ಕಿ ಒಳಗೆ ಹೋದಳು.

ಕಾಟಪ್ಪ ಬಟ್ಟೆಯ ಗಂಟನ್ನು ದೇವರ ಗೂಡಿನ ಪಕ್ಕದ ಗೂಟಕ್ಕೆ ತಗುಲಿಹಾಕಿದ. ಏನು ಅದು ಎಂದು ಗೌರಕ್ಕ ಕೇಳಿದ್ದಕ್ಕೆ, ಬೆಟ್ಟದ ಬಟ್ಟೆ, ಮೈಲಿಗೆ ಮೈಯಲ್ಲಿ ಮುಟ್ಟಬೇಡ ಎಂದ. ಹೆಂಡತಿಗೆ ಎಲ್ಲವನ್ನೂ ಬಿಡಿಸಿ ಹೇಳಿದರೆ ಗಂಡಸಿನ ತೂಕ ಇಳಿಯುತ್ತದೆಂದು ಅವನ ಲೆಕ್ಕ. ಅದೇ ಈಗ ಅವನ ಕೊರಳಿಗೆ ಬಂದಿತ್ತು.

ಗೌರಕ್ಕ: ನೀನೇ ತಾನೆ ಹೇಳಿದ್ದು, ಮಿಂದು ಮುಟ್ಟಬೇಕು ಅಂತ. ಮಿಂದೇ ಮುಟ್ಟಿದ್ದೀನಿ.

ಕಾಟಪ್ಪ: ಅಲ್ಲ ಕಣೇ, ಸೈಕಲ್ನೋರ ಬಟ್ಟೆಗೂ ಸೊಪ್ಪಮ್ಮನಿಗೂ ಏನೇ ನೆಂಟಸ್ತಿಕೆ?

ಗೌರಕ್ಕ: ನೀನೇ ಯೋಚ್ನೆ ಮಾಡು. ಮಧುಗಿರಿಯಿಂದ ಕೊರಟಗೆರೆಗೆ ಕನ್ನಡಿ ಅಂಗೆ ಟಾರ್ ರೋಡ್ ಐತೆ, ಗಳಿಗೆಗೊಂದು ಬಸ್ ಐತೆ. ಅದನ್ ಬುಟ್ಟು ಕಲ್ಲು ಮುಳ್ಳಿನ ಮ್ಯಾಲೆ ಸೈಕಲ್ ಹೊಡ್ಕೊಂಡು ಬತ್ತಾರೆ ಅಂದ್ರೆ, ಹರಕೆ ಇಲ್ದೆ ಯಾರಾನ ಬತ್ತಾರಾ? ಬರಿಗಾಲಾಗೆ ಬೆಟ್ಟ ಹತ್ತಲ್ವಾ, ಅಂಗೆ ಇದೂನೂವೆ. ಬಟ್ಟೆ ಬೇರೆ ಅಮ್ಮನ ದಾರಿಯಾಗೇ ಕಟ್ಟವ್ರೆ.

ಕಾಟಪ್ಪ: ಅದು ಹರಕೆ ಅಲ್ಲ, ಸೋಕಿ.

ಗೌರಕ್ಕ: ಸೋಕಿಗೆ ಯಾರಾನ ಬೆವರು ಸುರಿಸ್ತಾರಾ. ಸುಮ್ಕಿರು.

ಕಣಿವೆಯ ಸೊಪ್ಪಮ್ಮನಿಗೆ ಗುಡಿಯಿಲ್ಲ, ಪೂಜಾರಿಯಿಲ್ಲ. ಬಂಡೆಯ ಬುಡದಲ್ಲಿ ಒಂದು ಕಲ್ಲು. ದಾರಿಹೋಕರು ಒಂದು ಟೊಂಗೆ ಸೊಪ್ಪು ಮುರಿದು ಅವಳ ಮೇಲೆ ಹಾಕಿ ಮುಂದೆ ನಡೆದರೆ ಕಾಲು ಸೋಲುವುದಿಲ್ಲ. ಸೊಪ್ಪಿಗೇ ಒಲಿಯುವ ಬಡವಿ ದೇವತೆ. ಅಂಥವಳು ಈಗ ಬಟ್ಟೆಯನ್ನೂ ಒಪ್ಪಿಕೊಳ್ಳುತ್ತಾಳೆಂಬ ಸುದ್ದಿ ಶುಕ್ರವಾರ ಗೌರಕ್ಕನ ಬಾಯಿಂದ ಹೊರಟು ಹಟ್ಟಿಯ ತುಂಬ ಹಬ್ಬಿತು. ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು ಬಂದು ಗಂಟಿನಿಂದ ಒಂದೊಂದು ಚೂರು ಕೇಳಿ ಪಡೆದರು. ಕವಲಿನ ತುಗ್ಗಲಿ ಮರದಿಂದ ಹಿಡಿದು ಸೊಪ್ಪಮ್ಮನ ಬಂಡೆಯವರೆಗೆ ಒಬ್ಬೊಬ್ಬರು ಒಂದೊಂದು ಮರ ಹಿಡಿದರು. ಆಚೆ ಇಳಿಜಾರಿನಲ್ಲಿ ಸೌದೆಗೆ ಬಂದಿದ್ದ ಕರೇಕಲ್ಲಹಳ್ಳಿಯ ಹೆಂಗಸರು ನೋಡಿ, ತಾವೇನು ಪಾಪ ಮಾಡಿದ್ದೇವೆಂದು ಹಳೆಯ ಕೆಂಪು ಸೀರೆ ಹರಿದು ತಮ್ಮ ಕಡೆಯ ಮರಗಳಿಗೂ ಕಟ್ಟಿದರು. ಶನಿವಾರ ಬೆಳಗ್ಗೆ ಕಾಟಪ್ಪ ಕವಲಿಗೆ ಹೋಗಿ ನೋಡಿದರೆ, ಬಲಕ್ಕೆ ಹಟ್ಟಿಗೆ ಇಳಿಯುವ ನಿಜವಾದ ದಾರಿಗಿಂತ ಎಡದ ದಾರಿಯೇ ಕೆಂಪಗೆ ಹೂ ಬಿಟ್ಟು ನಿಂತಿತ್ತು.

ಹೆಂಡತಿ ಬಗ್ಗದಿದ್ದಾಗ ಕಾಟಪ್ಪ ಮನೆಮನೆಗೆ ಹೋದ. ಒಬ್ಬಳು ಮಗಳ ಪರೀಕ್ಷೆ ಮುಗಿಯಲಿ ಎಂದಳು. ಇನ್ನೊಬ್ಬಳು, ಗಂಡ ಇಸ್ಪೀಟು ಬಿಡುವವರೆಗೆ ತನ್ನ ಬಟ್ಟೆಗೆ ಕೈ ಹಚ್ಚಿದವರ ಕೈ ಮುರಿಯುತ್ತೇನೆ ಎಂದು ಹೇಳಿ, ಹರಕೆಯನ್ನು ಬಾಯಿಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡು, ಅದಕ್ಕೂ ಅವನನ್ನೇ ಬೈದಳು. ಕಡೆಗೆ ಉಳಿದವಳು ಸಣ್ಣಕ್ಕ. ಪಾವಗಡದ ಕಡೆಯಿಂದ ಸೊಸೆಯಾಗಿ ಬಂದ ಅಜ್ಜಿ, ಹಲ್ಲೆಲ್ಲ ಹೋಗಿದ್ದರೂ ತೆಲುಗು ಹೋಗಿರಲಿಲ್ಲ.

ಕಾಟಪ್ಪ: ಸಣ್ಣಕ್ಕ, ನೀನು ದೊಡ್ಡೋಳು. ನೀನ್ ಬಿಚ್ಚಿದ್ರೆ ಮಿಕ್ಕೋರೂ ಬಿಚ್ತಾರೆ.

ಸಣ್ಣಕ್ಕ: ವದ್ದು ನಾಯ್ನ, ಬ್ಯಾಡ. ನನ್ ಕೋಳಿ ಕಾವಿಗೆ ಕೂತಿಲ್ಲ.

ಕಾಟಪ್ಪ: ಕೋಳಿಗೋಸ್ಕರ ಬಟ್ಟೆ ಕಟ್ಟಿದ್ಯಾ?

ಸಣ್ಣಕ್ಕ: ಅದು ಚೆಪ್ಪಕೂಡದು. ನಾನು ಚೆಪ್ಪಿಲ್ಲ, ನೀನು ಕೇಳಿಲ್ಲ.

ಬೇಸತ್ತ ಕಾಟಪ್ಪ ಹೊರಗೆ ಬಂದು, ನೀವು ಬಿಚ್ಚದಿದ್ದರೆ ನಾಳೆ ಸೈಕಲ್ಲಿನವರೇ ಬಿಚ್ಚಿಕೊಂಡು ಹೋಗುತ್ತಾರೆ, ಆಗ ಅಳಬೇಡಿ ಎಂದು ಹಟ್ಟಿಗೆಲ್ಲ ಕೇಳಿಸುವ ಹಾಗೆ ಹೇಳಿದ. ಅಷ್ಟರಲ್ಲಿ ಮುತ್ತುರಾಜನ ಫೋನು ಬಂತು.

ಮುತ್ತುರಾಜ್: ಬಟ್ಟೆಗಳೆಲ್ಲ ಇವೆಯಾ ಕಾಟಪ್ಪನೋರೆ?

ಕಾಟಪ್ಪ: ಒಂದೂ ಹೋಗಿಲ್ಲ ಸಾರ್.

ಮುತ್ತುರಾಜ್: ಯಾವುದಾದ್ರೂ ಬಿದ್ದಿದ್ರೆ ಉಳಿದಿರೋದ್ರಲ್ಲಿ ಕಟ್ಬಿಡಿ.

ಕಾಟಪ್ಪ: ಉಳಿದಿರೋದೆಲ್ಲ ಕಟ್ಟಾಗೋಗೈತೆ.

ಮುತ್ತುರಾಜ್: ಅಷ್ಟೊಂದು ಬಿದ್ದೋಗಿದ್ವಾ?

ಕಾಟಪ್ಪ: ಬಿದ್ದಿಲ್ಲ ಸಾರ್. ಬೆಳೆದವೆ.

ಮುತ್ತುರಾಜ್ ಏನು ಅರ್ಥ ಮಾಡಿಕೊಂಡನೋ, ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಫೋನು ಇಟ್ಟ. ಕಾಟಪ್ಪನಿಗೆ ಉಳಿದದ್ದು ಒಂದೇ ದಾರಿ. ತಾನೇ ಹೋಗಿ ಕವಲಿನಲ್ಲಿ ಬೇಲಿಗೂಟದ ಹಾಗೆ ನಿಂತು, ಬಂದವರನ್ನೆಲ್ಲ ಬಲಕ್ಕೆ ತಿರುಗಿಸುವುದು.

ಭಾನುವಾರ ಮಬ್ಬು ಹರಿಯುವಾಗಲೇ ಕಂಬಳಿ ಹೆಗಲಿಗೆ ಹಾಕಿ ದೊಣ್ಣೆ ಹಿಡಿದ. ಸೈಕಲ್ಲು ಕಂಡು ಬೆದರುತ್ತವೆಂದು ಕುರಿಗಳನ್ನು ರೊಪ್ಪದಲ್ಲೇ ಬಿಟ್ಟ. ದಿನವೂ ಮಂದೆಯ ಮುಂದೆ ನಡೆಯುವ ಮುದಿ ಕುರಿ ಬೋಡಿ, ತನ್ನನ್ನು ಬಿಟ್ಟು ಹೊರಟ ಒಡೆಯನನ್ನು ನೋಡಿ ರೊಪ್ಪದ ಬಾಗಿಲ ಪಡಿಗೆ ಮೂತಿಯಿಟ್ಟು ಅರಚಿತು. ಕಾಟಪ್ಪ ತಿರುಗಿ ನೋಡಲಿಲ್ಲ.

ಕವಲಿಗೆ ಬಂದು ನಿಂತ. ಬಿಸಿಲು ಬಂತು, ಸೈಕಲ್ಲು ಬರಲಿಲ್ಲ. ಎಡದ ದಾರಿಯ ಮೆದು ಮಣ್ಣಿನಲ್ಲಿ ಟೈರಿನ ಗುರುತು ಕಂಡಿತು. ತಾನು ಬರುವ ಮುಂಚೆಯೇ ಯಾರೋ ಬಂದು ಎಡಕ್ಕೆ ಹೋಗಿಬಿಟ್ಟಿದ್ದಾರೆ. ಮೀಸೆ ಸವರಿಕೊಂಡು ಗುರುತಿನ ಹಿಂದೆ ಓಡಿದ. ಅದು ಗುರುವಾರ ಮುತ್ತುರಾಜ್ ಸೊಪ್ಪಮ್ಮನನ್ನು ನೋಡಿ ಬರುತ್ತೇನೆಂದು ಹೋಗಿ ಬಂದಿದ್ದ ಗುರುತೆಂಬುದು ಆ ಗಾಬರಿಯಲ್ಲಿ ಅವನಿಗೆ ನೆನಪಾಗಲಿಲ್ಲ. ತನ್ನ ಮಂದೆಯಲ್ಲಿ ಯಾವ ಕುರಿಯ ಗೊರಸು ಯಾವುದೆಂದು ಹೇಳಬಲ್ಲವನಿಗೆ ಟೈರಿನ ಹಳೆಯದು ಹೊಸದು ತಿಳಿಯಲಿಲ್ಲ.

ಸೊಪ್ಪಮ್ಮನ ಬಂಡೆಯ ಬಳಿ ಗುರುತು ಮುಗಿಯಿತು. ಬಟ್ಟೆ ಮುಗಿಯಲಿಲ್ಲ. ಅಗೋ ಅಲ್ಲೊಂದು, ಇಗೋ ಇಲ್ಲೊಂದು. ಸೈಕಲ್ಲಿನವರು ಯಾರೋ ಇದನ್ನೇ ನಂಬಿಕೊಂಡು ಆಚೆ ಇಳಿದಿರಬೇಕೆಂದು ಕಾಟಪ್ಪ ಕೂಗುತ್ತ ನಡೆದ. ಹುಟ್ಟಿದಾಗಿನಿಂದ ನೆಲ ನೋಡಿ ನಡೆದವನು ಅಂದು ಮರ ನೋಡಿ ನಡೆದ. ಸೊಪ್ಪಮ್ಮನಾಚೆಗೆ ಬೋಡಿ ಎಂದೂ ಕಾಲಿಟ್ಟದ್ದಿಲ್ಲ. ಬೋಡಿ ಕಾಲಿಡದ ಕಡೆ ಕಾಟಪ್ಪನೂ ಕಾಲಿಟ್ಟು ವರ್ಷಗಳೇ ಆಗಿದ್ದವು. ಲಂಟಾನದ ಪೊದೆಯಲ್ಲಿ ನುಗ್ಗಿ, ಒಂದು ಹಳ್ಳ ಹತ್ತಿ ಇನ್ನೊಂದು ಇಳಿದು, ಅದೇ ಬಂಡೆಯನ್ನು ಮತ್ತೆ ನೋಡಿ, ಅದೇ ಬಂಡೆಯೋ ಅದರ ತಮ್ಮನೋ ಎಂದು ಅನುಮಾನಪಟ್ಟು, ಕಡೆಗೆ ನೆತ್ತಿ ಕಾಯುವ ಹೊತ್ತಿಗೆ ಯಾವುದೋ ಊರಿನ ಹಿಂಭಾಗಕ್ಕೆ ಬಂದು ಬಿದ್ದ. ನೀರಿನ ಟ್ಯಾಂಕು, ಹೊಸ ಮನೆಗಳು, ಬೀದಿ ನಲ್ಲಿ. ನಲ್ಲಿಯ ಬಳಿ ಒಬ್ಬ ಹೆಂಗಸು ಬೆನ್ನು ಹಾಕಿ ಬಿಂದಿಗೆ ತೊಳೆಯುತ್ತಿದ್ದಳು.

ಕಾಟಪ್ಪ: ತಾಯಿ, ಇದ್ಯಾವ ಊರು?

ಹೆಂಗಸು ತಿರುಗಿದಳು. ಗೌರಕ್ಕನ ತಮ್ಮ ರಾಜಣ್ಣನ ಹೆಂಡತಿ ವನಜಾಕ್ಷಿ.

ವನಜಾಕ್ಷಿ: ಇದ್ಯಾಕಣ್ಣ ಇಂಗ್ ಕೇಳ್ತೀಯ. ನೀನು ಬಾಸಿಂಗ ಕಟ್ಕೊಂಡು ಹಸೆ ಮ್ಯಾಲೆ ಕೂತಿದ್ ಊರು.

ಕಾಟಪ್ಪ ಟ್ಯಾಂಕಿನ ಕಡೆ ಒಮ್ಮೆ, ಮನೆಗಳ ಕಡೆ ಒಮ್ಮೆ ನೋಡಿದ. ಬಸ್ಸು ಬಂದಾಗಿನಿಂದ ಅವನು ಮಾವನ ಊರಿಗೆ ಟಾರು ರಸ್ತೆಯಲ್ಲಿ ಬಂದು ಮುಂಬಾಗಿಲಲ್ಲೇ ಇಳಿದವನು. ಹಿಂದುಗಡೆಯಿಂದ ನೋಡಿದರೆ ಯಾವ ಊರಾದರೇನು. ತಮಾಷೆಗೆ ಕೇಳಿದೆ ಎಂದ. ವನಜಾಕ್ಷಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ರಾಜಣ್ಣ ಬಂದ. ಬಾವ ಬರಿಗೈಯಲ್ಲಿ, ಕೂದಲ ತುಂಬ ಉತ್ತರಾಣಿ ಅಂಟಿಸಿಕೊಂಡು ಯಾಕೆ ಬಂದನೆಂದು ಅವನಿಗೆ ತಿಳಿಯಲಿಲ್ಲ. ಅಕ್ಕನ ಜೊತೆ ಜಗಳವೇ ಎಂದು ಮೆಲ್ಲಗೆ ವಿಚಾರಿಸಿದ. ಕ್ಷೇಮ ಸಮಾಚಾರಕ್ಕೆ ಬಂದೆ ಎಂದು ಕಾಟಪ್ಪ ಹೇಳಿದ್ದಕ್ಕೆ, ಹಾಗಾದರೆ ಉಣ್ಣದೆ ಕಳಿಸಿದರೆ ನಮಗೆ ಮರ್ಯಾದೆಯಲ್ಲ ಎಂದು ಕೋಳಿಗೆ ಕೈ ಹಾಕಿದರು. ಬೆಟ್ಟದಲ್ಲಿ ಜನ ದಾರಿ ತಪ್ಪಿ ಅಲೆಯುತ್ತಿದ್ದಾರೆ ಎಂದು ಹೇಳುವಂತಿಲ್ಲ, ಎದ್ದು ಹೋಗುವಂತಿಲ್ಲ. ಮುದ್ದೆ ನುಂಗುವಾಗ ಒಂದೊಂದು ತುತ್ತಿಗೂ ಮೀಸೆ ಬೋಳಾದ ತನ್ನ ಮುಖವೇ ಕಣ್ಣ ಮುಂದೆ ಬಂತು. ಊಟವಾದ ಮೇಲೆ ರಾಜಣ್ಣ ಅಕ್ಕನಿಗೆಂದು ಒಂದು ಚೀಲ ಕಡ್ಲೆಕಾಯಿ ಕೊಟ್ಟು, ಅವನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು, ಬೆಟ್ಟ ಬಳಸಿ ಟಾರು ರಸ್ತೆಯಲ್ಲಿ ಹಟ್ಟಿಗೆ ತಂದ.

ಮನೆಯ ಮುಂದೆ ಸೈಕಲ್ಲುಗಳು ರೊಪ್ಪದ ಬೇಲಿಗೆ ಒರಗಿದ್ದವು. ಜಗಲಿಯ ತುಂಬ ಬಣ್ಣಬಣ್ಣದ ಅಂಗಿಯವರು ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಒಬ್ಬರೂ ಕಡಿಮೆಯಿರಲಿಲ್ಲ. ಕಾಟಪ್ಪನನ್ನು ಕಂಡು ಮುತ್ತುರಾಜ್ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

ಮುತ್ತುರಾಜ್: ಎಂಥಾ ಏರ್ಪಾಡು ಮಾಡಿದ್ರಿ. ಎಷ್ಟೋ ಬೆಟ್ಟ ಹತ್ತಿದ್ದೀವಿ, ಮರಕ್ಕೊಬ್ರು ನಿಂತು ದಾರಿ ಹೇಳಿದ್ದು ಎಲ್ಲೂ ನೋಡಿಲ್ಲ.

ಕಾಟಪ್ಪ: ಮರಕ್ಕೊಬ್ರಾ?

ನಡೆದದ್ದು ಹೀಗೆ. ಸೈಕಲ್ಲಿನವರು ಬಟ್ಟೆ ಬಿಚ್ಚಿಕೊಂಡು ಹೋಗುತ್ತಾರೆ ಎಂದು ಕಾಟಪ್ಪ ಹೆದರಿಸಿದ್ದನಲ್ಲ, ಅದಕ್ಕೆ ಹಟ್ಟಿಯ ಹೆಂಗಸರೆಲ್ಲ ಮನೆಕೆಲಸ ಮುಗಿಸಿ, ಅವನು ಕವಲು ಬಿಟ್ಟು ಓಡಿದ ಮೇಲೆ ಬೆಟ್ಟ ಹತ್ತಿ, ತಮ್ಮ ತಮ್ಮ ಬಟ್ಟೆಯ ಕೆಳಗೆ ಕಾವಲು ಕೂತಿದ್ದರು. ಬಂದ ಒಬ್ಬೊಬ್ಬರಿಗೂ, ಇದು ನಮ್ಮದು, ಮುಟ್ಟಬೇಡಿ, ನಿಮ್ಮದು ಆ ಕಡೆ ಎಂದು ಕೈ ತೋರಿಸಿದ್ದರು. ಸಣ್ಣಕ್ಕ ಕೋಲು ಎತ್ತಿ ಹಿಡಿದೇ ತೋರಿಸಿದ್ದಳು. ದಾರಿ ತಪ್ಪಲು ಯಾರಿಗೂ ಬಿಡುವೇ ಸಿಕ್ಕಿರಲಿಲ್ಲ.

ಗೌರಕ್ಕ: ಆ ಕನ್ನಡಕದ್ ಹೆಣ್ಣುಮಗ್ಳನ್ನ ಕೇಳ್ದೆ, ಏನವ್ವ ನಿನ್ ಹರಕೆ ಅಂತ. ಹರಕೆ ಏನಿಲ್ಲ ಅಜ್ಜಿ, ಸುಮ್ನೆ ಖುಷಿಗೆ ಅಂತು. ಬಾಯಿ ಬುಡಬಾರ್ದು ಅನ್ನೋದು ಅಷ್ಟು ಓದಿರೋ ಮಗೀಗೂ ಗೊತ್ತೈತೆ ನೋಡು.

ಕಾಟಪ್ಪನ ಎದೆಯ ಮೇಲಿನ ಬಂಡೆ ಇಳಿಯಿತು. ಜಗಲಿಯ ಅಂಚಿನಲ್ಲಿ ಕೂತು ಮೀಸೆಯ ಎರಡೂ ತುದಿ ಮುಟ್ಟಿ ನೋಡಿಕೊಂಡ. ನಾನು ಹೇಳಲಿಲ್ಲವೇ, ನನ್ನ ಬೆಟ್ಟದಲ್ಲಿ ಯಾರೂ ದಾರಿ ತಪ್ಪುವುದಿಲ್ಲ ಎಂದು ಶುರು ಮಾಡಿದ. ಮೊಪೆಡ್ಡಿನ ಸ್ಟ್ಯಾಂಡು ಹಾಕುತ್ತಿದ್ದ ರಾಜಣ್ಣ ಆಗ ಬಾಯಿ ತೆಗೆದ. ಕೆಟ್ಟ ಮನಸ್ಸಿನಿಂದಲ್ಲ, ಕೇಳೋಣ ಎಂದು.

ರಾಜಣ್ಣ: ಅಕ್ಕಾ, ಬಾವುನ್ಗೆ ಕಣ್ಣು ಮಂಜಾಗೈತಾ ಹೆಂಗೆ? ನಲ್ಲಿ ಹತ್ರ ನಿಂತ್ಕೊಂಡು ವನಜಾಕ್ಷಿನ, ತಾಯಿ ಇದ್ಯಾವ ಊರು ಅಂತ ಕೇಳಿದ್ನಂತೆ.

ಜಗಲಿಯ ಮೇಲೆ ಮಜ್ಜಿಗೆ ಹೀರುವ ಸದ್ದು ನಿಂತಿತು. ಗುರುವಾರ ಕೇಳಿದ್ದ ಕತೆಯನ್ನು ಮುತ್ತುರಾಜ್ ದಾರಿಯುದ್ದಕ್ಕೂ ತನ್ನವರಿಗೆಲ್ಲ ಹೇಳಿಕೊಂಡು ಬಂದಿದ್ದ. ಅವನು ಲೋಟವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರೂ ಭುಜ ಕುಣಿಯುತ್ತಿತ್ತು. ಗೌರಕ್ಕ ಮಾತ್ರ ನಗಲಿಲ್ಲ. ಎದ್ದು ಕಾಲು ಮುಖ ತೊಳೆದಳು. ಒಳಗಿನಿಂದ ಒಂದು ತೆಂಗಿನಕಾಯಿ ತಂದು ಮಡಿಲಿಗೆ ಹಾಕಿಕೊಂಡಳು.

ಗೌರಕ್ಕ: ಏಳು. ಹೊತ್ತಿರಂಗೆ ಹೋಗಿ ನನ್ ಬಟ್ಟೆ ಬಿಚ್ಕೊಂಡು ಬರಾನ.

ಕಾಟಪ್ಪ: ಹರಕೆ ತೀರೋಗಂಟ ಬಿಚ್ಚಂಗಿಲ್ಲ ಅಂದಿದ್ದೆ.

ಗೌರಕ್ಕ: ತೀರ್ತು.

ಕಾಟಪ್ಪ: ಯಾವಾಗ ತೀರ್ತು?

ಗೌರಕ್ಕ: ನಲ್ಲಿ ಹತ್ರ.

ಕಾಟಪ್ಪನಿಗೆ ಅದು ಒಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ಕೂತಲ್ಲೇ ಕಂಬಳಿಯ ಅಂಚು ಹಿಸುಕತೊಡಗಿದ.

ಕಾಟಪ್ಪ: ಆಯ್ತು ಬುಡು. ಇನ್ ಮ್ಯಾಲೆ ಆ ಕತೆ ಹೇಳಾಕಿಲ್ಲ.

ಗೌರಕ್ಕ: ಹೇಳು, ಯಾಕ್ ಬುಡ್ತೀಯ. ನಿಂದು ಮುಗುದ್ ಮ್ಯಾಲೆ ನಾನು ಶುರು ಮಾಡ್ತೀನಿ.

ಜಗಲಿಗೆ ಜಗಲಿಯೇ ನಕ್ಕಿತು. ಕಡೆಗೆ ಕಾಟಪ್ಪನೂ ಮೀಸೆಯೊಳಗೇ ನಕ್ಕ. ಗಂಡಸಿನ ತೂಕ ಇನ್ನೂ ಒಂದಿಷ್ಟು ಉಳಿದಿರಬಹುದೆಂದುಕೊಂಡು ದೊಣ್ಣೆ ಊರಿ ಎದ್ದು, ನಡಿ, ದಾರಿ ತೋರಿಸಲು ನಾನು ಮುಂದೆ ಹೋಗುತ್ತೇನೆ ಎಂದ. ಗೌರಕ್ಕ ರೊಪ್ಪದ ಪಡಿ ತೆಗೆದಳು.

ಗೌರಕ್ಕ: ನಾವಿಬ್ರೂ ಹಿಂದೆ ನಡೆಯಾನ. ಮುಂದ್ಕೆ ಬೋಡಿನ ಬುಡು.